ಹಳೆ ಮನೆ ಕೊಳ್ಳುವ ಮೊದಲು: ಕುಲಶೇಖರದ ಒಂದು ಮನೆಯ ತಪಾಸಣೆ

ಬ್ಯಾಂಕಿನ ವ್ಯಾಲ್ಯುವರ್ ನೋಡಿ ಹೋಗಿ ಆಗಿದೆ, ಇನ್ನೊಬ್ಬ ಇಂಜಿನಿಯರ್ ಯಾಕೆ? ಮಂಗಳೂರು, ಉಡುಪಿಯಲ್ಲಿ ಹಳೆ ಮನೆ ಕೊಳ್ಳಲು ಹೊರಟ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ವ್ಯಾಲ್ಯುವರ್ ನೋಡುವುದು ಕೊಡುವ ಸಾಲಕ್ಕೆ ಆ ಆಸ್ತಿ ಸಾಕೋ ಇಲ್ಲವೋ ಎಂಬುದನ್ನು. ಜಾಗದ ದರ, ಕಟ್ಟಡದ ಚದರಡಿ, ವಯಸ್ಸು, ಪ್ಲ್ಯಾನಿಗೆ ಹೊಂದುತ್ತದೆಯೇ ಎಂಬುದು, ನಾಲ್ಕು ಫೋಟೊ. ಸ್ಲ್ಯಾಬಿನ ಅಡಿಗೆ ಸುತ್ತಿಗೆ ಬಡಿದು ನೋಡುವುದು ಅವರ ಕೆಲಸವಲ್ಲ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ.

ನಮ್ಮಲ್ಲಿ ಮನೆ ತಪಾಸಣೆಗೆಂದೇ ಸರ್ಕಾರಿ ಲೈಸೆನ್ಸ್ ಎಂಬುದಿಲ್ಲ. ಹಾಗಾಗಿ ಯಾರು ಬೇಕಾದರೂ 'ಇನ್‌ಸ್ಪೆಕ್ಷನ್ ಮಾಡ್ತೇನೆ' ಅನ್ನಬಹುದು. ಬ್ರೋಕರ್ ಕರೆದುಕೊಂಡು ಬಂದ ಇಂಜಿನಿಯರ್ ಬೇಡ. ವ್ಯಾಪಾರ ಕುದುರಿದರೆ ಮಾತ್ರ ಬ್ರೋಕರ್‌ಗೆ ಕಮಿಷನ್, ಇಂಜಿನಿಯರ್‌ಗೆ ಮುಂದಿನ ಕೆಲಸ ಬರುವುದೂ ಅದೇ ಬ್ರೋಕರ್‌ನಿಂದ. ದುಡ್ಡು ಬೇಡ, ಸುಮ್ಮನೆ ನೋಡಿ ಕೊಡ್ತೇನೆ ಅನ್ನುವ ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರೂ ಬೇಡ, ಅವರ ಕಣ್ಣಿಗೆ ಮನೆಯಿಡೀ ವಾಟರ್‌ಪ್ರೂಫಿಂಗ್ ಕೆಲಸವೇ ಕಾಣುತ್ತದೆ. ಬೇಕಾದದ್ದು ಕೊಳ್ಳುವವರಿಂದ ಮಾತ್ರ ಫೀಸು ತೆಗೆದುಕೊಳ್ಳುವ, ಆ ಮನೆಯ ರಿಪೇರಿ ಕೆಲಸ ತಾನು ಹಿಡಿಯುವುದಿಲ್ಲ ಎಂದು ಒಪ್ಪುವ ಸ್ಟ್ರಕ್ಚರಲ್ ಇಂಜಿನಿಯರ್. ಒಪ್ಪಿಸುವ ಮೊದಲು ಎರಡು ಮಾತು ಕೇಳಿದರೆ ಸಾಕು: ಕವರ್ ಮೀಟರ್ (ಕಾಂಕ್ರೀಟಿನೊಳಗೆ ರಾಡ್ ಎಷ್ಟು ಆಳದಲ್ಲಿದೆ ಎಂದು ಅಳೆಯುವ ಉಪಕರಣ) ಸ್ವಂತದ್ದು ಉಂಟಾ, ಮೊದಲು ಬರೆದ ಒಂದು ರಿಪೋರ್ಟು, ಹೆಸರು ಮುಚ್ಚಿಯಾದರೂ, ತೋರಿಸ್ತೀರಾ. ಎರಡು ಪುಟದಲ್ಲಿ 'ಕಟ್ಟಡ ಒಟ್ಟಾರೆ ಸುಸ್ಥಿತಿಯಲ್ಲಿದೆ' ಎಂದು ಬರೆಯುವವರನ್ನು ಅಲ್ಲೇ ಬಿಡಬಹುದು. ವಯರಿಂಗ್ ನೋಡಲು ಬೇರೆ ಎಲೆಕ್ಟ್ರಿಷಿಯನ್ ಬೇಕು. ಹಂಚಿನ ಮಾಡು ಇದ್ದರೆ ಇಂಜಿನಿಯರ್‌ಗಿಂತ ಹಳೆ ಆಚಾರಿಯೇ ಮೇಲು.

ಇಲ್ಲಿ ಹೇಳುತ್ತಿರುವುದು ಮಂಗಳೂರಿನ ಕುಲಶೇಖರದ ಇಳಿಜಾರಿನಲ್ಲಿರುವ ಒಂದು ಮನೆಯ ತಪಾಸಣೆ. ತೊಂಬತ್ತರ ದಶಕದಲ್ಲಿ ಕಟ್ಟಿದ್ದು. ಕೆಂಪುಕಲ್ಲಿನ ಗೋಡೆ, ಎರಡು ಅಂತಸ್ತು, ಆರ್‌ಸಿಸಿ ತಾರಸಿ, ತಾರಸಿಯ ಮೇಲೆ ಶೀಟು, ಹಿಂದೆ ಕಡಿದ ಗುಡ್ಡದ ಬರೆ (ಕಡಿದು ಉಳಿದ ಕಡಿದಾದ ಅಂಚು), ಎದುರು ಬಾವಿ. ಊರಿನ ಅರ್ಧದಷ್ಟು ಹಳೆ ಮನೆಗಳ ಚಹರೆ ಇದೇ ಆದ್ದರಿಂದ ಇಲ್ಲಿ ಕಂಡದ್ದು ಬೇರೆ ಕಡೆಯೂ ಕಾಣಸಿಗುತ್ತದೆ.

ತಪಾಸಣೆ ಜುಲೈಯಲ್ಲಿ ಇಟ್ಟುಕೊಂಡದ್ದು ಬೇಕೆಂದೇ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು, ಅದರ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾರುವವರು ಮನೆ ತೋರಿಸುವುದು ಮಾತ್ರ ಹೆಚ್ಚಾಗಿ ಏಪ್ರಿಲ್, ಮೇಯಲ್ಲಿ, ಹೊಸ ಬಣ್ಣ ಬಳಿದು. ಆ ಬಣ್ಣದ ಅಡಿಯಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಜಡಿಮಳೆ ಮೂರ್ನಾಲ್ಕು ದಿನ ಬಿಡದೆ ಹೊಡೆದ ಮೇಲೆ ಹೋಗಬೇಕು. ಮೊದಲ ಮಳೆಗೆ ಏನೂ ಕಾಣುವುದಿಲ್ಲ, ಸ್ಲ್ಯಾಬು ನೀರು ಕುಡಿದು ಕೆಳಗೆ ಬಿಡಲು ಸಮಯ ಹಿಡಿಯುತ್ತದೆ.

ಬೇಸಿಗೆಯಲ್ಲೇ ನಿರ್ಧಾರ ಮಾಡಬೇಕಾದರೆ ತಾರಸಿಯ ನೀರು ಹೋಗುವ ಪೈಪಿನ ಬಾಯಿಗೆ ಗೋಣಿ ತುರುಕಿ ಎರಡು ಇಂಚು ನೀರು ಕಟ್ಟಿ 48 ಗಂಟೆ ಬಿಡಬೇಕು. ಎರಡು ಇಂಚು ನೀರೆಂದರೆ ಚದರ ಮೀಟರಿಗೆ ಸುಮಾರು 50 ಕೆ.ಜಿ. ಭಾರ. ಜನ ಓಡಾಡುವ ತಾರಸಿಗೆ ಲೆಕ್ಕ ಹಾಕುವ 150 ಕೆ.ಜಿ.ಯ ಒಳಗೇ ಬರುತ್ತದೆ. ಆದರೆ ಅಡಿಯಲ್ಲಿ ಕಾಂಕ್ರೀಟು ಉದುರಿ ರಾಡ್ ಕಾಣುತ್ತಿದ್ದರೆ ಈ ಪರೀಕ್ಷೆಗೆ ಕೈ ಹಾಕಬಾರದು, ಅದರ ಅಗತ್ಯವೂ ಆಗ ಇರುವುದಿಲ್ಲ.

ಕ್ರಮ ಒಂದೇ: ನೀರು ಬೀಳುವ ಕಡೆಯಿಂದ ಶುರು ಮಾಡಿ, ಅದು ಜಾಗ ಬಿಟ್ಟು ಹೊರಗೆ ಹೋಗುವ ಕಡೆವರೆಗೆ ಇಳಿಯುತ್ತಾ ಬರುವುದು. ಕರಾವಳಿಯ ಮನೆಗೆ ಬರುವ ಕಾಯಿಲೆಗಳಲ್ಲಿ ಹತ್ತಕ್ಕೆ ಒಂಬತ್ತು ಈ ದಾರಿಯಲ್ಲೇ ಸಿಕ್ಕಿಬಿಡುತ್ತವೆ.

ಮೊದಲು ಶೀಟು. "ಲೀಕ್ ಎಲ್ಲ ಇಲ್ಲ ಮಾರಾಯ್ರೆ, ಬಟ್ಟೆ ಒಣಗಿಸ್ಲಿಕ್ಕೆ ಆಗ್ತದೆ ಅಂತ ಹಾಕಿದ್ದು" ಅಂದರು ಮನೆಯವರು. ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಯಾವ ವರ್ಷ ಹಾಕಿದ್ದು, ಅದಕ್ಕೆ ಮೊದಲು ತಾರಸಿಗೆ ಏನೇನು ಬಳಿದದ್ದು ಎಂಬುದು. ಈ ಮನೆಯಲ್ಲಿ ಶೀಟಿನ ಅಡಿಯ ತಾರಸಿಯಲ್ಲಿ ಮೂರು ಪದರ ಸಿಕ್ಕಿತು: ಕೆಳಗೆ ಹಳೆ ಸಿಮೆಂಟು, ಅದರ ಮೇಲೆ ಡಾಂಬರಿನಂಥದ್ದು, ಮೇಲೆ ಬಿಳಿ ಕೋಟಿಂಗ್. ಬಟ್ಟೆ ಒಣಗಿಸಲು ಯಾರೂ ಡಾಂಬರು ಹೊಯ್ಯುವುದಿಲ್ಲ. ಶೀಟು ಹಾಕಿದ್ದರಿಂದ ಸೋರುವುದು ನಿಂತಿರುತ್ತದೆ ನಿಜ, ಆದರೆ ಅದಕ್ಕೆ ಮೊದಲು ಸ್ಲ್ಯಾಬು ಕುಡಿದ ನೀರು ಒಳಗಿನ ಕಬ್ಬಿಣಕ್ಕೆ ಏನು ಮಾಡಿದೆ ಎಂಬುದು ಹಾಗೇ ಮುಚ್ಚಿ ಹೋಗಿರುತ್ತದೆ. ಶೀಟಿನ ಕಂಬಗಳನ್ನು ಬೋಲ್ಟ್ ಹೊಡೆದು ನಿಲ್ಲಿಸಿದ ಕಡೆ ಸ್ಲ್ಯಾಬಿಗೆ ತೂತು ಬಿದ್ದಿರುತ್ತದೆ, ಓರೆ ಮಳೆ ಹೊಡೆದಾಗ ಕಂಬದ ಬುಡದಿಂದಲೇ ಹೊಸ ಲೀಕ್ ಶುರುವಾಗುತ್ತದೆ. ಮಂಜೂರಾದ ಪ್ಲ್ಯಾನಿನಲ್ಲಿ ಶೀಟು ಇದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಬೇಕು.

ಮೇಲಿಂದ ನೋಡಿದ ಮೇಲೆ ಅದೇ ಸ್ಲ್ಯಾಬನ್ನು ಅಡಿಯಿಂದ ನೋಡುವುದು. ಇಲ್ಲಿ ಆತುರ ಬೇಡ. ಅರ್ಧ ಕೆ.ಜಿ.ಯ ಸಣ್ಣ ಸುತ್ತಿಗೆ, ಏಣಿ, ಟಾರ್ಚು ಸಾಕು. ಒಂದಡಿಗೊಂದರಂತೆ ಮೆಲ್ಲಗೆ ಬಡಿಯುತ್ತಾ ಹೋದರೆ ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಬೊದ ಬೊದ ಎನ್ನುತ್ತದೆ. ಬರಿಯ ಸಾರಣೆ (ಪ್ಲಾಸ್ಟರ್) ಬಿಟ್ಟಿದ್ದರೂ ಅದೇ ಸದ್ದು ಬರುತ್ತದೆ, ಆದ್ದರಿಂದ ಸಂಶಯ ಬಂದಲ್ಲಿ ಮನೆಯವರ ಒಪ್ಪಿಗೆ ಪಡೆದು ಅಂಗೈಯಗಲ ಸಾರಣೆ ಕೆತ್ತಿ ನೋಡಬೇಕು. ಬಿರುಕಿನ ಆಕಾರವೂ ಮಾತಾಡುತ್ತದೆ. ಜೇಡರ ಬಲೆಯ ಹಾಗೆ ಎಲ್ಲೆಲ್ಲೋ ಹರಡಿದ ಸಣ್ಣ ಗೆರೆಗಳು ಸಾರಣೆ ಒಣಗುವಾಗ ಆದದ್ದು. ಆರಾರು ಇಂಚಿಗೆ ಒಂದರಂತೆ ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಓಡುವ ಬಿರುಕು, ಅದರ ಪಕ್ಕ ಕಂದು ಕಲೆ ಕಂಡರೆ ಒಳಗೆ ರಾಡ್ ತುಕ್ಕು ಹಿಡಿದಿದೆ ಎಂದೇ ಅರ್ಥ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಜಾಗ ಸಿಗದಾಗ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ.

ಈ ಮನೆಯ ಪಡುವಣ ಕೋಣೆಯಲ್ಲಿ ಕೆತ್ತಿದಾಗ 8 ಎಂಎಂ ರಾಡ್ ಸಿಕ್ಕಿತು. ವಯರ್ ಬ್ರಷ್‌ನಲ್ಲಿ ತಿಕ್ಕಿ ಸಕ್ಕೆ ಸಕ್ಕೆಯಾಗಿ ಎದ್ದ ತುಕ್ಕನ್ನೆಲ್ಲ ಉದುರಿಸಿ ಕ್ಯಾಲಿಪರ್ ಹಿಡಿದರೆ ಅಲ್ಲಲ್ಲಿ 6 ಎಂಎಂ. ಎಂಟರಲ್ಲಿ ಎರಡು ತಾನೆ ಹೋದದ್ದು ಅನ್ನಿಸುತ್ತದೆ. ಭಾರ ಹೊರುವುದು ವ್ಯಾಸವಲ್ಲ, ವಿಸ್ತೀರ್ಣ. ಆ ಲೆಕ್ಕದಲ್ಲಿ ರಾಡ್‌ನ ಶೇ. 44 ಭಾಗ ಹೋಗಿದೆ. ಇದು ಬಣ್ಣ ಬಳಿದು ಮುಗಿಸುವ ಕೇಸಲ್ಲ.

ಯಾಕೆ ಹೀಗಾಯಿತು ಎಂದು ತಿಳಿಯಲು ಕವರ್ ಮೀಟರ್ ಹಿಡಿದು ನೋಡಿದ್ದು. ರಾಡ್ ಮತ್ತು ಹೊರಮೈಯ ನಡುವೆ ಇರುವ ಕಾಂಕ್ರೀಟಿನ ದಪ್ಪ ಇಲ್ಲಿ 10ರಿಂದ 15 ಎಂಎಂ. ಕಾಂಕ್ರೀಟು ಕೆಲಸದ ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ 45 ಎಂಎಂ ಕವರ್ (ಈ ದಪ್ಪ) ಮತ್ತು ಎಂ30 ಎಂಬ ಬಲದ ದರ್ಜೆ ಕೇಳುತ್ತದೆ. ಅದಕ್ಕೆ ಹಿಂದಿನ 1978ರ ಆವೃತ್ತಿಯಲ್ಲಿ ಸಾಮಾನ್ಯ ಸ್ಲ್ಯಾಬಿಗೆ 15 ಎಂಎಂ ಕನಿಷ್ಠ. ತೊಂಬತ್ತರ ದಶಕದ ಮೇಸ್ತ್ರಿಗಳು ಅದನ್ನೇ ಹಿಡಿದಿದ್ದರು, ಕೆಲವರು ರಾಡ್‌ನ ಅಡಿಗೆ ಜಲ್ಲಿಚೂರು ಇಟ್ಟು ಅದಕ್ಕಿಂತಲೂ ಕಡಿಮೆಯಲ್ಲಿ ಮುಗಿಸಿದ್ದರು. ಹಾಗಾಗಿ ಎಂಬತ್ತು, ತೊಂಬತ್ತರ ದಶಕದ ಮನೆಗಳಲ್ಲಿ ಈ ದೋಷ ಇಲ್ಲವೆಂದರೆ ಅಚ್ಚರಿ ಪಡಬೇಕು.

ಎರಡನೇ ಕಾರಣ ಗಾಳಿಯ ಇಂಗಾಲಾಮ್ಲ ಇಲ್ಲವೇ ಉಪ್ಪು. ಹಸಿಯಾಗಿ ಕೆತ್ತಿದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಗಾಳಿಯ ಇಂಗಾಲಾಮ್ಲ ಹೊಕ್ಕ ಭಾಗ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಿಡಿಯದ ಪದರ ರಾಡ್‌ವರೆಗೆ ಮುಟ್ಟಿದ್ದರೆ ರಾಡ್‌ಗೆ ರಕ್ಷಣೆ ಇಲ್ಲ. ಆದರೆ ಗುಲಾಬಿ ಬಣ್ಣ ಬಂತೆಂದು ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ, ಈ ದ್ರಾವಣ ಉಪ್ಪಿನಲ್ಲಿರುವ ಕ್ಲೋರೈಡನ್ನು ತೋರಿಸುವುದಿಲ್ಲ. ಅದಕ್ಕೆ ಡ್ರಿಲ್ ಮಾಡಿದ ಪುಡಿಯನ್ನು ಲ್ಯಾಬಿಗೆ ಕಳಿಸಬೇಕು. ಘನಮೀಟರ್ ಕಾಂಕ್ರೀಟಿಗೆ 0.6 ಕೆ.ಜಿ. ಐಎಸ್ 456ರ ಮಿತಿ. ಅಳಿವೆಯ ಕಡೆಯಿಂದ ಬಂದ ಉಪ್ಪು ಮರಳು ಬಳಸಿದ್ದರೆ ಕೆತ್ತಿದ ಚೂರಿನಲ್ಲಿ ಕಪ್ಪೆಚಿಪ್ಪಿನ ಸಣ್ಣ ತುಣುಕುಗಳು ಬರಿಗಣ್ಣಿಗೇ ಸಿಗುವುದುಂಟು. ಕ್ಲೋರೈಡು ಒಳಗಿದ್ದರೆ ಒಂದು ಕಡೆ ತೇಪೆ ಹಾಕಿದ ಮೇಲೆ ಆ ತೇಪೆಯ ಅಂಚಿಗೇ ಹೊಸದಾಗಿ ತುಕ್ಕು ಶುರುವಾಗುತ್ತದೆ. ಮೊನ್ನೆ ತಾನೆ ರಿಪೇರಿ ಮಾಡಿಸಿದ್ದು ಎನ್ನುವ ಸ್ಲ್ಯಾಬಿನಲ್ಲಿ ತೇಪೆಯ ಸುತ್ತಲಿನ ಒಂದಡಿಯನ್ನು ಬಡಿದು ನೋಡುವುದು ಅದಕ್ಕೇ.

ಕಾಂಕ್ರೀಟಿನ ಬಲ ಅಂದಾಜಿಸುವ ರಿಬೌಂಡ್ ಹ್ಯಾಮರ್ ತಂದು ಟಕ್ ಟಕ್ ಹೊಡೆದು 'ಎಂ25 ಉಂಟು, ಧೈರ್ಯವಾಗಿ ತಗೊಳ್ಳಿ' ಅನ್ನುವವರಿದ್ದಾರೆ. ಅದರ ಅಂದಾಜಿನಲ್ಲಿ ಶೇ. 25ರಷ್ಟು ಹೆಚ್ಚುಕಮ್ಮಿ ಇರುತ್ತದೆ ಎಂದು ಆ ಪರೀಕ್ಷೆಯ ಐಎಸ್ ಕೋಡೇ ಹೇಳುತ್ತದೆ. ಹಳೆ ಕಾಂಕ್ರೀಟಿನ ಮೇಲ್ಮೈ ಇಂಗಾಲಾಮ್ಲದಿಂದ ಗಡುಸಾಗಿ, ಇರುವುದಕ್ಕಿಂತ ಹೆಚ್ಚು ಬಲ ತೋರಿಸುತ್ತದೆ. ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸಲು ಅದು ಒಳ್ಳೆಯ ಉಪಕರಣ, ಅದೊಂದನ್ನೇ ನಂಬಿ ಮನೆ ಕೊಳ್ಳುವಂಥದ್ದಲ್ಲ.

ಕಿಟಕಿಯ ಮೇಲಿನ ಸಜ್ಜ, ಅಂದರೆ ಸನ್‌ಶೇಡನ್ನು ಯಾರೂ ನೋಡುವುದಿಲ್ಲ. ಗೋಡೆಯಿಂದ ಹೊರಚಾಚಿದ ಸಜ್ಜದಲ್ಲಿ ಮುಖ್ಯ ರಾಡ್ ಮೇಲ್ಬದಿಯಲ್ಲಿ ಇರಬೇಕು. ಕಾಂಕ್ರೀಟು ಹಾಕುವಾಗ ಕೆಲಸದವರು ಅದರ ಮೇಲೆಯೇ ನಡೆದು ರಾಡ್ ತಳಕ್ಕೆ ಕೂತುಬಿಡುತ್ತದೆ. ಅಂಥ ಸಜ್ಜ ತುದಿಯಲ್ಲಿ ಬಾಗುತ್ತದೆ, ಗೋಡೆ ಸೇರುವಲ್ಲಿ ಮೇಲ್ಬದಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಪಾಚಿ, ಜರಿಗಿಡ ಬೆಳೆಯುತ್ತದೆ. ಏಣಿ ಇಟ್ಟು ಮೇಲಿಂದ ನೋಡಿದರೆ ಮಾತ್ರ ಗೊತ್ತಾಗುವ ವಿಷಯ. ಇಲ್ಲಿ ನೈರುತ್ಯಕ್ಕೆ ಮುಖ ಮಾಡಿದ ಎರಡು ಸಜ್ಜಗಳನ್ನು ರಿಪೇರಿ ಬೇಡ, ಒಡೆದೇ ತೆಗೆಯಬೇಕು ಎಂದು ಬರೆಯಬೇಕಾಯಿತು.

ಗೋಡೆಗೆ ಬಂದರೆ, ಕೆಂಪುಕಲ್ಲು ಭಾರ ಹೊರುವುದರಲ್ಲಿ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಸ್ಲ್ಯಾಬಿನ ಕೆಳಗೆ ಗೋಡೆಯ ತಲೆಯ ಉದ್ದಕ್ಕೆ ಅಡ್ಡಲಾಗಿ ಓಡುವ ಸಣ್ಣ ಬಿರುಕು ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗಿ ಆದದ್ದು, ನಿದ್ದೆ ಕೆಡಿಸಿಕೊಳ್ಳುವಂಥದ್ದಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಸಂದಿ ಹಿಡಿದು ಇಳಿಯುವ ಬಿರುಕು ಮಾತ್ರ ಪಂಚಾಂಗ, ಅಂದರೆ ಅಡಿಪಾಯ, ಕೂತದ್ದರ ಗುರುತು. ಅದು ಹಳೆಯದೋ ಈಗಲೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದು ಬಿಡಬಹುದು, ಗೋಡೆ ಜರುಗಿದರೆ ಗಾಜು ಒಡೆಯುತ್ತದೆ. ಪಡುವಣ ಗೋಡೆಗೆ ತಾಗಿಸಿ ಇಟ್ಟ ಕಪಾಟನ್ನು ಎಳೆದು ಹಿಂದೆ ನೋಡದೆ ಬರಬಾರದು. ಬುಡದಿಂದ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿ ಬಿಳಿ ಉಪ್ಪು ಬಂದಿದ್ದರೆ ನೆಲದ ತೇವ ಏರುತ್ತಿದೆ. ಮಾಯಿಶ್ಚರ್ ಮೀಟರ್ ಉಪ್ಪು ಇರುವ ಗೋಡೆಯಲ್ಲಿ ತೇವಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ಒಣಗಿದ ಒಳಗೋಡೆಯ ಅಂಕಿಯ ಪಕ್ಕ ಇಟ್ಟೇ ಅದನ್ನು ಓದಬೇಕು.

ಅಡುಗೆಮನೆಯ ಹಿಂದೆ ಈ ಮನೆಗೆ ಹಂಚಿನ ಮಾಡಿನ ಒಂದು ಚಾವಡಿ ಇತ್ತು. ಮಧ್ಯಾಹ್ನ ಬಾಗಿಲು ಮುಚ್ಚಿ ಕತ್ತಲು ಮಾಡಿ ಮೇಲೆ ನೋಡಿದರೆ ಒಡೆದ ಹಂಚು ತಾನಾಗಿ ಕಾಣುತ್ತದೆ. ಹಂಚು ಬದಲಿಸುವುದು ದೊಡ್ಡ ಮಾತಲ್ಲ. ಪಕ್ಕಾಸಿನ (ಮಾಡನ್ನು ಹೊರುವ ಓರೆ ಮರದ) ತುದಿ ಗೋಡೆಯ ಮೇಲೆ ಕೂರುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿದಾಗ ಸಲೀಸಾಗಿ ಒಳಗೆ ಹೋದರೆ ಮಾತ್ರ ಯೋಚಿಸಬೇಕು. ಒರಲೆ (ಗೆದ್ದಲು) ಮಣ್ಣಿನ ಗೆರೆ ಎಳೆದುಕೊಂಡು ಏರುವುದು ಗೋಡೆಯ ಮೂಲೆಯಿಂದ ಮತ್ತು ಬಾಗಿಲಿನ ದಾರಂದದ (ಚೌಕಟ್ಟಿನ) ಹಿಂದಿನಿಂದ. ದಾರಂದದ ಬುಡವನ್ನೂ ಚುಚ್ಚಿ ನೋಡಬೇಕು.

ಕರೆಂಟಿನ ವಿಷಯದಲ್ಲಿ ಒಂದೇ ತಪ್ಪು ಮನೆ ಮನೆಯಲ್ಲೂ ಕಾಣುತ್ತದೆ. ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಪದೇ ಪದೇ ಬೀಳುತ್ತದೆಂದು 16 ಆಂಪ್‌ನದ್ದನ್ನು ತೆಗೆದು 32 ಹಾಕಿರುತ್ತಾರೆ, ವಯರ್ ಮಾತ್ರ ಅದೇ 2.5 ಸ್ಕ್ವೇರ್ ಎಂಎಂ. ಆಗ ಮೊದಲು ಸುಡುವುದು ವಯರ್. ಗೀಸರ್, ಎಸಿಗೆ ಪ್ರತ್ಯೇಕ 4 ಸ್ಕ್ವೇರ್ ಎಂಎಂ ಎಳೆದಿರಬೇಕು, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಇರಬೇಕು, ಅದರ ಟೆಸ್ಟ್ ಬಟನ್ ಒತ್ತಿದೊಡನೆ ಬೀಳಬೇಕು. ಅರ್ಥಿಂಗನ್ನು ಮಳೆಗಾಲದಲ್ಲಿ ಅಳೆದರೆ ಒಳ್ಳೆಯ ಅಂಕಿಯೇ ಬರುತ್ತದೆ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ನೆಲ ಬೇಸಿಗೆಯಲ್ಲಿ ಒಣಗಿದಾಗ ಅದೇ ಅರ್ಥಿಂಗ್ ಕೈಕೊಡುತ್ತದೆ, ನಮ್ಮಲ್ಲಿ ಗುಡುಗು ಸಿಡಿಲಿನ ಕಾಲವೂ ಏಪ್ರಿಲ್, ಮೇಯೇ. ಮೆಸ್ಕಾಂನ ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟ್ ಎಷ್ಟು ಎಂದು ನೋಡಿ, ಇರುವ ಎಸಿಗಳಿಗೆ ತಾಳೆ ಹಾಕಬೇಕು.

ನಳ್ಳಿಗಳನ್ನೆಲ್ಲ ಮುಚ್ಚಿ ರಾತ್ರಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದರೆ ಗೋಡೆಯೊಳಗಿನ ಪೈಪಿನ ಸೋರಿಕೆ ಗೊತ್ತಾಗುತ್ತದೆ. ಮನೆಯವರು ಒಪ್ಪಿದರೆ ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ.

ಬಾವಿಯದ್ದು ಮಳೆಗಾಲಕ್ಕೆ ತದ್ವಿರುದ್ಧ ಲೆಕ್ಕ. ಜುಲೈಯಲ್ಲಿ ಕೈಗೆ ಸಿಗುವ ನೀರು ಕಂಡು ಮರುಳಾಗಬಾರದು, ಮೇ ಕೊನೆಗೆ ಎಷ್ಟು ಕೋಲು (ಆಳದ ಹಳೆ ಅಳತೆ) ನೀರು ಉಳಿಯುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಬೇಕು, ಮಾರುವವರನ್ನಲ್ಲ. ಕಡಲು ಅಥವಾ ಹೊಳೆಯ ಬದಿಯಲ್ಲಿ, ಉಳ್ಳಾಲ, ಮಲ್ಪೆ ಕಡೆಯಲ್ಲಿ, ಬೇಸಿಗೆಗೆ ನೀರು ಉಪ್ಪಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಲ್ಯಾಬಿಗೆ ಕೊಡುವಾಗ ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆಯನ್ನೂ ಬರೆಸಬೇಕು. ಯಾಕೆಂದರೆ ಸಣ್ಣ ಜಾಗಗಳಲ್ಲಿ ಬಾವಿ ಮತ್ತು ಟಾಯ್ಲೆಟ್ಟಿನ ಇಂಗುಗುಂಡಿ ಅಕ್ಕಪಕ್ಕ. ಐಎಸ್ 2470 ಕೇಳುವ ಅಂತರ 18 ಮೀಟರ್. ಐದು ಸೆಂಟ್ಸ್ ಜಾಗದಲ್ಲಿ ಅಷ್ಟು ದೂರ ಸಿಗುವುದೇ ಕಷ್ಟ, ಮೇಲಾಗಿ ಪಕ್ಕದ ಮನೆಯ ಗುಂಡಿ ನಮ್ಮ ಬಾವಿಗೆ ಎಷ್ಟು ದೂರ ಎಂದು ಪಾಗಾರದ (ಕಂಪೌಂಡ್ ಗೋಡೆಯ) ಆಚೆಗೂ ಇಣುಕಬೇಕು.

ಇನ್ನು ಹಿಂದಿನ ಬರೆ. ಮನೆಯೊಳಗಿನ ದೋಷಗಳಿಗೆಲ್ಲ ದುಡ್ಡು ಸುರಿದರೆ ಪರಿಹಾರವಿದೆ, ಇದಕ್ಕೆ ಕೆಲವೊಮ್ಮೆ ಇಲ್ಲ. ಮೇಲೆ ಗಟ್ಟಿ ಮುರಕಲ್ಲು, ಅದರಡಿಯಲ್ಲಿ ಶೇಡಿ ಮಣ್ಣು, ಇದು ನಮ್ಮ ಗುಡ್ಡಗಳ ಒಳಗಿನ ರಚನೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣು ಒಣಗಿದಾಗ ಕಲ್ಲಿನಷ್ಟೇ ಗಟ್ಟಿ, ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಬರೆಯನ್ನು ನೆಟ್ಟಗೆ ಕಡಿದು ಶೇಡಿ ಮಣ್ಣಿನ ಪದರ ಹೊರಗೆ ಕಾಣುತ್ತಿದ್ದರೆ, ಮೇಲಿನವರ ಅಂಗಳದ ನೀರು ಇದರ ನೆತ್ತಿಗೇ ಬರುತ್ತಿದ್ದರೆ ರಿಪೋರ್ಟಿನ ಮೊದಲ ಪುಟದಲ್ಲೇ ಬರೆಯಬೇಕು. ತಡೆಗೋಡೆ ಇದ್ದರೆ ತೂಗುಗುಂಡು ಇಳಿಬಿಟ್ಟು ವಾಲಿದೆಯೇ ನೋಡಬೇಕು, ನೀರು ಹೋಗಲು ಇಟ್ಟ ಪೈಪುಗಳಿಂದ ಮಳೆಗೆ ನಿಜವಾಗಿ ನೀರು ಬರುತ್ತಿದೆಯೇ ನೋಡಬೇಕು. ಇಲ್ಲಿ ಆರು ಪೈಪುಗಳಲ್ಲಿ ಎರಡರಿಂದ ಮಾತ್ರ ನೀರು ಬರುತ್ತಿತ್ತು, ಉಳಿದವು ಮಣ್ಣು ಕಟ್ಟಿ ಮುಚ್ಚಿದ್ದವು. ಆ ನೀರಿನ ಒತ್ತಡವನ್ನೆಲ್ಲ ಹೊರುತ್ತಿದ್ದುದು ಗೋಡೆ.

ಗುಡ್ಡದ ಮೇಲಿನ ಮನೆಗೆ ಬರೆಯ ಭಯ, ತಗ್ಗಿನ ಮನೆಗೆ ಕೃತಕ ನೆರೆ. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಹತ್ತಿರದ ಅಂಗಡಿಯಲ್ಲಿ ಕೇಳಿದರೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಕೊಟ್ಟಾರ ಚೌಕಿ, ಪಾಂಡೇಶ್ವರ, ಉಡುಪಿಯ ಕಲ್ಸಂಕ ಸುತ್ತಮುತ್ತ ಕೊಳ್ಳುವವರು ಇದನ್ನು ಕೇಳದೆ ಮುಂಗಡ ಕೊಡಬಾರದು. ಇನ್ನೊಂದು, ಡಾಮರು ರಸ್ತೆಯ ಮೇಲೆಯೇ ಕಾಂಕ್ರೀಟು ಹಾಕಿ ಎತ್ತರಿಸಿದ ಕಡೆ ಹಳೆ ಮನೆಯ ಅಂಗಳ ರಸ್ತೆಗಿಂತ ಕೆಳಗೆ ಉಳಿದಿದೆ. ಗೇಟಿನಲ್ಲಿ ನಿಂತು ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿದರೆ ಸಾಕು.

ಕಾಗದಪತ್ರದ ತಪಾಸಣೆ ವಕೀಲರ ಕೆಲಸ. ಆದರೂ ಸ್ಥಳ ನೋಡಿದವರೇ ಅವರಿಗೆ ಹೇಳಬೇಕಾದ ಕೆಲವು ಸಂಗತಿಗಳಿವೆ: ಪ್ಲ್ಯಾನಿನಲ್ಲಿಲ್ಲದ ಕೋಣೆ, ಪಾಗಾರದ ಒಳಗೆ ಸೇರಿಸಿಕೊಂಡ ತೋಡಿನ ಬದಿ, ಕುಮ್ಕಿ ಜಾಗದಲ್ಲಿ (ಪಕ್ಕದ ಜಾಗದವರಿಗೆ ಬಳಕೆಯ ಹಕ್ಕು ಮಾತ್ರ ಇರುವ ಸರ್ಕಾರಿ ಜಾಗದಲ್ಲಿ) ಕಟ್ಟಿದ ಶೆಡ್ಡು, ಮೂಲೆಯಲ್ಲಿರುವ ನಾಗನ ಕಟ್ಟೆ. ಕಟ್ಟೆ ಇದ್ದರೆ ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲಕ್ಕೆ, ಅಂದರೆ ನಾಗನ ಪೂಜೆಗೆ, ಬರುತ್ತಾರೆಯೇ, ಬರುವ ದಾರಿ ಯಾವುದು ಎಂದು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮಂಗಳೂರು, ಉಡುಪಿ ಪೇಟೆಯೊಳಗಿನ ಹಳೆ ಜಾಗಗಳಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಹಕ್ಕು ಇರುವುದುಂಟು, ಅದನ್ನು ವಕೀಲರಿಗೆ ಬಿಡಬೇಕು.

ಫ್ಲ್ಯಾಟಾದರೆ ಮನೆಯೊಳಗಿಗಿಂತ ಕೆಳಗಿನ ಪಾರ್ಕಿಂಗಿನಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಕಂಬದ ಬುಡ, ತಲೆಯ ಮೇಲಿನ ಸ್ಲ್ಯಾಬು, ಮೇಲಿನ ಬಾತ್‌ರೂಮಿನ ಪೈಪು ಇಳಿಯುವ ಡಕ್ಟು ಅಲ್ಲಿ ಮರೆಯಿಲ್ಲದೆ ಕಾಣುತ್ತವೆ. ಆಕ್ಯುಪೆನ್ಸಿ ಸರ್ಟಿಫಿಕೇಟು, ಅಸೋಸಿಯೇಷನ್ನಿನ ಸಿಂಕಿಂಗ್ ಫಂಡಿನಲ್ಲಿ (ದೊಡ್ಡ ರಿಪೇರಿಗೆಂದು ಕೂಡಿಟ್ಟ ಹಣ) ಎಷ್ಟಿದೆ ಎಂಬುದು ಬೇಕು. ಬಿಲ್ಡರ್‌ನಿಂದ ಹೊಸದಾಗಿ ಕೊಳ್ಳುವವರಿಗೆ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14(3)ನೇ ಕಲಮಿನ ಆಸರೆ ಇದೆ: ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿಕೊಟ್ಟರೆ 30 ದಿನದಲ್ಲಿ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಹಳೆ ಒಂಟಿ ಮನೆಗೆ ಅಂಥದ್ದೇನೂ ಇಲ್ಲ, ರಿಜಿಸ್ಟ್ರಿ ಆದ ಮೇಲೆ ಲೀಕು ಕೊಂಡವರದ್ದು.

ರಿಪೋರ್ಟಿನಲ್ಲಿ ಪ್ರತಿ ದೋಷಕ್ಕೂ ಫೋಟೊ, ಯಾವ ಕೋಣೆಯ ಯಾವ ಮೂಲೆ ಎಂಬುದು, ಕಾರಣ, ರಿಪೇರಿಯ ವಿಧಾನ, ಅಂದಾಜು ಖರ್ಚು ಇರಬೇಕು. 'ಸ್ಲ್ಯಾಬ್ ರಿಪೇರಿ' ಎಂದು ಎರಡು ಪದ ಬರೆದರೆ ಉಪಯೋಗವಿಲ್ಲ. ಬಿಟ್ಟ ಕಾಂಕ್ರೀಟು ತೆಗೆದು ರಾಡ್‌ನ ಹಿಂದೆ ಬೆರಳು ಹೋಗುವಷ್ಟು ಕೆತ್ತುವುದು, ತುಕ್ಕು ತಿಕ್ಕಿ ಝಿಂಕ್ ಪ್ರೈಮರ್ ಬಳಿಯುವುದು, ಸವೆದಲ್ಲಿ ಹೊಸ ರಾಡ್ ಜೋಡಿಸುವುದು, ಪಾಲಿಮರ್ ಮಾರ್ಟರ್ ತುಂಬುವುದು ಎಂದು ಬಿಡಿಸಿ ಬರೆದರೆ ಮಾತ್ರ ಕಂಟ್ರಾಕ್ಟರ್ ಸರಿಯಾದ ರೇಟು ಹೇಳಬಲ್ಲ. ನೋಡಲಾಗದೆ ಬಿಟ್ಟ ಜಾಗಗಳ ಪಟ್ಟಿಯೂ ಇರಲಿ. ಇಲ್ಲಿ ಫಾಲ್ಸ್ ಸೀಲಿಂಗ್ ಹಾಕಿದ ಹಾಲ್ ಹಾಗೆ ಉಳಿಯಿತು, ಒಂದು ಲೈಟ್ ಬಿಚ್ಚಿ ಆ ತೂತಿನಿಂದ ಮೊಬೈಲ್ ತೂರಿಸಿ ತೆಗೆದ ಫೋಟೊ ಮಾತ್ರ ಸಿಕ್ಕಿತು.

ಇದೆಲ್ಲ ಕರಾರು ಪತ್ರಕ್ಕೆ ಮೊದಲೇ ಆಗಬೇಕು. ಮುಂಗಡ ಕೊಟ್ಟಾಗಿದ್ದರೆ 'ತಪಾಸಣೆಯಲ್ಲಿ ಕಟ್ಟಡದ ಬಲಕ್ಕೆ ಸಂಬಂಧಿಸಿದ ದೋಷ ಕಂಡರೆ ಮುಂಗಡ ವಾಪಸು' ಎಂಬ ಒಂದು ಸಾಲು ಕರಾರಿನಲ್ಲಿ ಸೇರಿಸಬೇಕು. ಮಾರುವವರು ತಾವೇ ರಿಪೇರಿ ಮಾಡಿಸಿ ಕೊಡ್ತೇವೆ ಅಂದರೆ ಒಪ್ಪದಿರುವುದು ಲೇಸು. ಬಿಟ್ಟು ಹೋಗುವವರು ಮಾಡಿಸುವ ರಿಪೇರಿ ಸಾರಣೆ ಮತ್ತು ಬಣ್ಣಕ್ಕೇ ನಿಲ್ಲುತ್ತದೆ. ರಿಪೋರ್ಟಿನ ಅಂದಾಜನ್ನು ಮುಂದಿಟ್ಟು ಆ ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು ನಂತರ ನಾವೇ ಮಾಡಿಸುವುದು ಒಳ್ಳೆಯದು. ಈ ಮನೆಯಲ್ಲಿ ಸ್ಲ್ಯಾಬು, ಸಜ್ಜ, ವಯರಿಂಗಿನ ಲೆಕ್ಕಕ್ಕೆ ಮಾರುವವರು ಅಷ್ಟೇನೂ ತಕರಾರು ಮಾಡಲಿಲ್ಲ. ತಡೆಗೋಡೆಯ ಹತ್ತಿರ ಮಾತು ನಿಂತಿತು, ಅದರ ಅರ್ಧ ಭಾಗ ಮೇಲಿನ ಜಾಗದವರದ್ದೆಂದು ಸರ್ವೆ ಸ್ಕೆಚ್ಚಿನಲ್ಲಿ ಕಂಡಿತು. ಅವರ ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಕರಾರು.

ರಿಜಿಸ್ಟ್ರಿಯ ಹಿಂದಿನ ದಿನ ಮತ್ತೊಮ್ಮೆ ಹೋಗಿ ನೋಡುವುದನ್ನು ಬಿಡಬಾರದು. ಬಾವಿಯ ಪಂಪು, ಇನ್ವರ್ಟರ್, ಸೋಲಾರ್ ಹೀಟರ್, ತಾರಸಿಯ ಶೀಟು ಇವು ಮನೆಯ ಜೊತೆಗೆ ಬರುತ್ತವೋ ಇಲ್ಲವೋ ಎಂದು ಕರಾರಿನಲ್ಲಿ ಬರೆದಿರದಿದ್ದರೆ ಬೀಗದ ಕೈ ಸಿಗುವ ಹೊತ್ತಿಗೆ ಪಂಪು ಇದ್ದಲ್ಲಿ ಬರೀ ಪೈಪು ಉಳಿದಿರುತ್ತದೆ.